ಉಗುರಿಗೆ ಸಿಗದ ಸಂದಿ

ಹಲ್ಲು ತಾನಾಗಿ ಎಲ್ಲಿಗೂ ಹೋಗುವುದಿಲ್ಲ, ಮೂಳೆ ದಾರಿ ಬಿಟ್ಟರೆ ಮಾತ್ರ ಹೋಗುತ್ತದೆ. ನನ್ನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆಲ್ಲ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಸೊಟ್ಟ ಹಲ್ಲಿಗೆ ತಂತಿ ಹಾಕಿ ಸಾಲಿಗೆ ತರುವುದು ನನ್ನ ಕೆಲಸ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಒಬ್ಬ ಮಹಾನುಭಾವರ ತಲೆಗೆ ಮಾತ್ರ ಇದು ಇಳಿಯಲಿಲ್ಲ. ಅವರು ನನ್ನ ಅಕ್ಕನ ಗಂಡ.

ಭಾವ ಬಡಗಿ. ಅಂಥಿಂಥ ಬಡಗಿಯಲ್ಲ. ಅವರು ಜೋಡಿಸಿದ ಎರಡು ಹಲಗೆಗಳ ನಡುವೆ ಕೂದಲೂ ತೂರುವುದಿಲ್ಲ ಎಂದು ಕೆಲಸ ಬಲ್ಲವರೇ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಅಂಟು ಹಚ್ಚಿ, ಹಲಗೆ ಸೇರಿಸಿ, ಕ್ಲ್ಯಾಂಪ್ ಹಾಕಿ ಬಿಗಿದರೆಂದರೆ ಮುಗಿಯಿತು, ಅಲ್ಲಿಂದಾಚೆ ಅದು ಒಂದೇ ಮರ. ಆ ಭಾನುವಾರ ಅವರ ಮನೆಯಲ್ಲಿ ಹೊಸ ಮೇಜಿನ ಮೇಲೆ ಮೊದಲ ಊಟ. ಅಕ್ಕಪಕ್ಕದ ಮನೆಯವರು, ಭಾವನ ಒಂದಿಬ್ಬರು ಗಿರಾಕಿಗಳು, ನಾನು. ತಟ್ಟೆ ಇಡುವ ಮೊದಲು ಭಾವ ಎಲ್ಲರ ಕೈಯನ್ನೂ ಮೇಜಿನ ಮೇಲೆ ಇಡಿಸಿದರು.

"ಉಗುರು ಓಡ್ಸಿ ನೋಡಿ. ಎಲ್ಲಾದ್ರೂ ಸಂದಿ ಸಿಕ್ಕಿದ್ರೆ ಈ ಮೇಜು ನಿಮ್ದೇ, ಎತ್ಕೊಂಡ್ ಹೋಗಿ."

ಯಾರ ಉಗುರಿಗೂ ಏನೂ ಸಿಗಲಿಲ್ಲ. ಎಲ್ಲರೂ ತಲೆದೂಗಿದರು. ಆಮೇಲೆ ಭಾವ ಅಡುಗೆಮನೆಯ ಕಡೆ ತಿರುಗಿ ಮಗಳನ್ನು ಕೂಗಿದರು.

"ಮೇಜು ಆಯ್ತು, ಈಗ ಇಲ್ಲಿ ನೋಡಿ. ಬಾ ಮಗಳೇ. ನಗು. ಇನ್ನೂ ಸ್ವಲ್ಪ. ಹಾಂ, ಹಾಗೆ!"

ಹುಡುಗಿ ಹೈಸ್ಕೂಲಿನಲ್ಲಿದ್ದಾಳೆ. ಇಡೀ ಸೇಬನ್ನು ಎರಡು ಕೈಯಲ್ಲಿ ಹಿಡಿದು ಮುಂದಿನ ಹಲ್ಲಿನಿಂದಲೇ ಕರಕರ ಕೊರೆಯುತ್ತಿದ್ದಳು ಎಂದು ನಾನು ಅವಳನ್ನು ಚಿಕ್ಕಂದಿನಿಂದಲೂ ಅಳಿಲು ಎನ್ನುತ್ತೇನೆ. ಮೇಲಿನ ಆ ಎರಡು ಹಲ್ಲುಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದಿ ಇತ್ತು. ಅದರಿಂದ ಸಿಳ್ಳೆ ಹೊಡೆಯುತ್ತಿದ್ದಳು, ಓಣಿಯ ಆ ತುದಿಗೆ ಕೇಳಬೇಕು ಹಾಗೆ. ಈಗ ಸಂದಿ ಇರಲಿಲ್ಲ. ಎರಡು ಹಲ್ಲೂ ಒಂದಕ್ಕೊಂದು ಅಂಟಿ ನಿಂತಿದ್ದವು.

ಭಾವ ನನ್ನ ಕಡೆ ತಿರುಗಿದರು. "ಏನು ಡಾಕ್ಟ್ರಮ್ಮ, ಎಷ್ಟು ದಿನ ಬೇಕು ಅಂದಿದ್ದೆ ನೀನು? ಒಂದೂವರೆ ವರ್ಷ! ಬಾಯ್ತುಂಬ ತಂತಿ, ರಾಶಿ ದುಡ್ಡು! ನಾನು ಹದಿನೈದು ದಿನದಲ್ಲಿ ಮಾಡಿ ಬಿಸಾಕ್ದೆ. ನೋಡು, ಉಗುರಿಗೆ ಸಿಗುತ್ತಾ ನೋಡು."

ಮೇಜಿನ ಸುತ್ತ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ನನ್ನ ಮೈ ಉರಿದುಹೋಯಿತು. ಆದರೆ ಅದು ನನ್ನನ್ನು ಹಂಗಿಸಿದರು ಅನ್ನುವುದಕ್ಕಲ್ಲ. ಅಳಿಲಿನ ಹಲ್ಲುಗಳು ಉದ್ದವಾಗಿದ್ದವು. ಹೋದ ಸಲ ನೋಡಿದ್ದಕ್ಕಿಂತ ಕೆಳಕ್ಕೆ ಇಳಿದಿದ್ದವು. ವಸಡು ಕೆಂಪಗೆ ಊದಿತ್ತು. ನಗು ಎಂದು ಹೇಳಿದಾಗ ತುಟಿಯನ್ನು ಜೋಪಾನವಾಗಿ ಮೇಲೆತ್ತಿದವಳು ಸಾಕು ಎಂದ ಕೂಡಲೇ ಅಷ್ಟೇ ಜೋಪಾನವಾಗಿ ಮುಚ್ಚಿಕೊಂಡಳು.

ಊಟಕ್ಕೆ ಕುಳಿತಾಗ ನಾನು ನನ್ನ ತಟ್ಟೆ ನೋಡಲಿಲ್ಲ, ಅವಳ ತಟ್ಟೆ ನೋಡಿದೆ. ಎಲ್ಲವನ್ನೂ ಬೆರಳಲ್ಲಿ ಚೂರು ಮಾಡಿ ಬಾಯಿಯ ಪಕ್ಕಕ್ಕೆ ತಳ್ಳುತ್ತಿದ್ದಳು. ಊಟ ಆದಮೇಲೆ ಹಣ್ಣು ಬಂತು. ಅಳಿಲು ಸೇಬನ್ನು ಚಾಕುವಿನಿಂದ ತೆಳ್ಳಗೆ ಹೆಚ್ಚಿಕೊಂಡಳು. ನನಗೆ ತಡೆಯಲಾಗಲಿಲ್ಲ, ಅವಳ ತೋಳು ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದೆ.

"ಏನ್ ಮಾಡಿದ್ರು ನಿಮ್ಮಪ್ಪ?"

"ರಬ್ಬರ್ ಬ್ಯಾಂಡ್ ಹಾಕಿದ್ರು ಚಿಕ್ಕಮ್ಮ. ಸ್ಕ್ರೂ ಪೊಟ್ಟಣಕ್ಕೆ ಸುತ್ತಿರುತ್ತಲ್ಲ, ಚಿಕ್ಕದು, ಅದು. ಎರಡು ಹಲ್ಲಿಗೂ ಸೇರ್ಸಿ."

"ಎಲ್ಲಿ ಆ ಬ್ಯಾಂಡು?"

"ಬೆಳಿಗ್ಗೆ ಎದ್ದಾಗ ಇರ್ಲಿಲ್ಲ. ನಿದ್ದೇಲಿ ನುಂಗಿರ್ತೀಯ ಬಿಡು ಅಂದ್ರು. ಇನ್ನೊಂದು ಹಾಕಿದ್ರು. ಅದೂ ಹೋಯ್ತು. ಆಮೇಲೆ ಮತ್ತೊಂದು."

ಕೈ ತೊಳೆದು ಬಂದು ಒಂದು ಬೆರಳನ್ನು ಅವಳ ಮುಂದಿನ ಹಲ್ಲಿಗೆ ಮೆಲ್ಲಗೆ ತಾಗಿಸಿದೆ. ತಾಗಿಸಿದ್ದಷ್ಟೇ. ಹಲ್ಲು ಅತ್ತಿಂದಿತ್ತ ಆಡಿತು. ಪಕ್ಕದ್ದೂ ಹಾಗೆಯೇ ಆಡಿತು.

"ಹೀಗೆ ಎಷ್ಟು ದಿನದಿಂದ?"

"ಅಪ್ಪಂಗೆ ಹೇಳ್ಬೇಡಿ," ಎಂದಳು ಅಳಿಲು. "ಅವ್ರಿಗೆ ತುಂಬ ಖುಷಿಯಾಗಿದೆ."

ನಾನು ಹೇಳಿದೆ. ಹೇಳದೆ ಬಿಡುವ ಜಾತಿಯವಳಲ್ಲ ನಾನು. ಎಲ್ಲರೂ ಕೈ ಒರೆಸಿಕೊಳ್ಳುತ್ತ ಕುಳಿತಿದ್ದ ಆ ಮೇಜಿನ ಮುಂದೆಯೇ ನಿಂತು ಹೇಳಿದೆ.

"ಭಾವ, ಆ ರಬ್ಬರ್ ಬ್ಯಾಂಡು ಇವಳು ನುಂಗಿಲ್ಲ. ವಸಡಿನ ಒಳಗಿದೆ. ಹಲ್ಲಿನ ಬೇರು ಒಳಕ್ಕೆ ಹೋದ ಹಾಗೆ ಸಣ್ಣ ಆಗುತ್ತೆ, ಕ್ಯಾರೆಟ್ ಥರ. ಬ್ಯಾಂಡು ಬಿಗಿ ಆದಷ್ಟೂ ಸಣ್ಣ ಕಡೆಗೇ ಜಾರುತ್ತೆ. ಒಳಗೊಳಗೇ ಮೂಳೆ ತಿನ್ಕೊಂಡು ಹೋಗ್ತಿದೆ. ಎರಡು ಹಲ್ಲೂ ಅಲ್ಲಾಡ್ತಿದೆ. ಈಗಲೇ ಕರ್ಕೊಂಡು ಹೋಗ್ಬೇಕು."

ಭಾವ ನಕ್ಕರು. ಅವರ ನಗು ಕಂಡರೆ ನನಗೆ ಮೊದಲಿಂದಲೂ ಆಗದು. "ನೋಡಿ, ಸೋತವರು ಹೀಗೇ ಮಾತಾಡೋದು. ಅಲ್ಲಮ್ಮ, ಎರಡು ಹಲಗೆ ಮಧ್ಯೆ ಸಂದಿ ಇದ್ರೆ ಏನ್ ಮಾಡ್ಬೇಕು? ಬಿಗೀಬೇಕು. ಬಿಗಿದೆ, ಸೇರ್ತು. ಹೊಸದಾಗಿ ಸೇರಿದ್ದು ಸ್ವಲ್ಪ ದಿನ ಅಲ್ಲಾಡುತ್ತೆ, ಆಮೇಲೆ ಕಚ್ಕೊಳ್ಳುತ್ತೆ."

"ಹಲಗೆ ಸತ್ತಿರುತ್ತೆ ಭಾವ! ಎಷ್ಟು ಬಿಗಿದ್ರೂ ತಡ್ಕೊಳ್ಳುತ್ತೆ. ಇದು ಬದುಕಿರೋ ಮೂಳೆ!"

"ಅತಿಥಿಗಳ ಮುಂದೆ ಬೇಡ ಕಣೇ," ಎಂದು ಅಕ್ಕ ನನ್ನ ಸೆರಗು ಎಳೆದಳು.

ನನಗೆ ಕೋಪ ನೆತ್ತಿಗೇರಿತು. ಮಗಳ ಹಲ್ಲು ಉದುರುತ್ತಿದೆ, ಇವಳಿಗೆ ಅತಿಥಿಗಳ ಚಿಂತೆ! ಆ ಅತಿಥಿಗಳಲ್ಲೇ ಒಬ್ಬರು, ಭಾವನ ಹಳೆಯ ಗಿರಾಕಿ, ಮುಂಚೆ ಯಾವಾಗಲೋ ಕಾರ್ಖಾನೆಯಲ್ಲಿ ಅಳಿಲಿನ ಬಾಯಿ ನೋಡಿ, "ಬಡಗಿ ಮಗಳ ಹಲ್ಲಲ್ಲೇ ಸಂದಿಯಲ್ರೀ" ಎಂದು ತಮಾಷೆ ಮಾಡಿದ್ದರಂತೆ. ಅಲ್ಲಿಂದ ಶುರುವಾದದ್ದು ಇದೆಲ್ಲ. ಅದುವರೆಗೆ ಆ ಸಂದಿ ಯಾರ ತಂಟೆಗೂ ಹೋಗಿರಲಿಲ್ಲ. ಹುಡುಗಿಗೆ ಅದರಿಂದ ಒಂದು ದಿನವೂ ಬೇಸರವಾಗಿರಲಿಲ್ಲ. ಬೇಸರ ಆದದ್ದು ಅಪ್ಪನಿಗೆ, ಅದೂ ತನ್ನ ಕಸುಬಿನ ಮರ್ಯಾದೆಗೆ!

ಭಾವ ಮಗಳನ್ನು ಕಳಿಸುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು. ನಾನು ಚೀಲ ಎತ್ತಿಕೊಂಡು ಬಾಗಿಲಿಗೆ ಬಂದಾಗ ಅಳಿಲು ಅಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. "ನಾನು ಬರ್ತೀನಿ ಚಿಕ್ಕಮ್ಮ, ನಂಗೆ ನೋಯ್ತಿದೆ," ಎಂದಳು. ಹಿಂದೆಯೇ ಅಕ್ಕ ಒದ್ದೆ ಕೈಯಲ್ಲೇ ಬಂದಳು. ಆ ಒಂದು ವಿಷಯಕ್ಕೆ ನಾನು ಅಕ್ಕನನ್ನು ಮೆಚ್ಚುತ್ತೇನೆ.

ಎಕ್ಸ್‌ರೇ ನನ್ನ ಕ್ಲಿನಿಕ್ಕಿನಲ್ಲೇ ತೆಗೆದೆ. ರಬ್ಬರ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅದು ಮಾಡಿದ ಹಾಳು ಕಾಣುತ್ತದೆ. ಎರಡು ಬೇರುಗಳ ಸುತ್ತಲೂ ಬೆಳ್ಳಗೆ ಇರಬೇಕಾದ ಮೂಳೆಯ ಜಾಗ ಕಪ್ಪಾಗಿತ್ತು. ಬೇರಿನ ತುದಿಯ ಹತ್ತಿರ ಸ್ವಲ್ಪ ಮೂಳೆ ಉಳಿದಿತ್ತು, ಅಷ್ಟೇ. ಅಕ್ಕ ಅದನ್ನು ನೋಡಿ, "ಏನೂ ಕಾಣ್ತಿಲ್ವಲ್ಲೇ," ಎಂದಳು. "ಅದೇ ಅಕ್ಕ, ಏನೂ ಇಲ್ಲ," ಎಂದೆ.

ನನ್ನ ಜೊತೆ ಓದಿದ ಗೆಳತಿಯೊಬ್ಬಳು ವಸಡಿನ ಶಸ್ತ್ರಚಿಕಿತ್ಸೆ ಮಾಡುತ್ತಾಳೆ. ಮರುದಿನ ಬೆಳಿಗ್ಗೆ ಅವಳು ಬಂದಳು. ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟು ಕಾಯುವಾಗ ಅಳಿಲು ನನ್ನನ್ನು ಕೇಳಿದಳು, "ಚಿಕ್ಕಮ್ಮ, ನೀವು ತಂತಿ ಹಾಕಿದ್ರೂ ಎಳೀತೀರಲ್ಲ? ಅಪ್ಪ ಮಾಡಿದ್ದೂ ಅದೇ ಅಲ್ವಾ?"

ಎಷ್ಟು ಒಳ್ಳೆಯ ಪ್ರಶ್ನೆ! ಅವಳಪ್ಪ ಒಂದು ಸಲ, ಒಂದೇ ಒಂದು ಸಲ ಇದನ್ನು ಕೇಳಿದ್ದರೆ ಸಾಕಿತ್ತು.

"ಹಲ್ಲಿಗೂ ಮೂಳೆಗೂ ಮಧ್ಯೆ ತೆಳ್ಳಗೆ ಒಂದು ಪೊರೆ ಇದೆ," ಎಂದೆ. "ಅದರಲ್ಲಿ ರಕ್ತ ಓಡಾಡ್ತಿರುತ್ತೆ. ನಾನು ಹಲ್ಲನ್ನ ಒಂದು ಕಡೆಗೆ ಮೆತ್ತಗೆ ಒತ್ತಿದ್ರೆ, ಒತ್ತಿದ ಕಡೆ ಮೂಳೆ ತಿನ್ನೋ ಜೀವಕೋಶಗಳು ಬರ್ತವೆ. ಸ್ವಲ್ಪ ಸ್ವಲ್ಪವೇ ತಿಂದು ಹಲ್ಲಿಗೆ ಜಾಗ ಮಾಡ್ತವೆ. ಹಲ್ಲು ಬಿಟ್ಟು ಬಂದ ಕಡೆ ಕಟ್ಟೋ ಜೀವಕೋಶಗಳು ಬಂದು ಹೊಸ ಮೂಳೆ ತುಂಬ್ತವೆ. ತಿನ್ನೋವು ಬಲು ಚುರುಕು. ಕಟ್ಟೋವು ನಿಧಾನ. ಈ ನಿಧಾನದವಕ್ಕೋಸ್ಕರ ಒಂದೂವರೆ ವರ್ಷ ಕೇಳಿದ್ದು ನಾನು."

"ಜೋರಾಗಿ ಒತ್ತಿದ್ರೆ?"

"ರಕ್ತ ನಿಂತುಹೋಗುತ್ತೆ. ಆ ಜಾಗ ಸಾಯುತ್ತೆ. ಹಲ್ಲು ಬೇಗ ಹೋಗೋದಿರ್ಲಿ, ಅಲ್ಲೇ ಸಿಕ್ಕಾಕ್ಕೊಳ್ಳುತ್ತೆ. ಇನ್ನು ನಿಮ್ಮಪ್ಪ ಹಾಕಿದ್ದು ಬರೀ ಒತ್ತಿ ಸುಮ್ಮನಾಗ್ಲಿಲ್ಲ, ಪೊರೆನೇ ಕಿತ್ಕೊಂಡು ಮೇಲಕ್ಕೆ ಹೋಯ್ತು. ಅಲ್ಲಿ ಕೀವು. ಕೀವು ಇದ್ದ ಕಡೆ ತಿನ್ನೋವೇ ಎಲ್ಲ, ಕಟ್ಟೋವು ಹತ್ರಾನೂ ಬರಲ್ಲ."

"ಅಯ್ಯೋ ಪಾಪ, ಅವಕ್ಕೂ ಅಪ್ಪನ ಕಂಡ್ರೆ ಭಯ," ಎಂದಳು ಜೋಮು ಹಿಡಿದ ತುಟಿಯಲ್ಲಿ. ಗೆಳತಿ ನಕ್ಕಳು. ನನಗೆ ನಗು ಬರಲಿಲ್ಲ.

ವಸಡು ಬಿಡಿಸಿದಾಗ ಬ್ಯಾಂಡುಗಳು ಸಿಕ್ಕವು. ಒಂದರ ಮೇಲೊಂದು ಸುತ್ತಿಕೊಂಡು, ಬೇರಿನ ತುದಿಯ ಹತ್ತಿರದವರೆಗೂ ಹತ್ತಿ ಕುಳಿತಿದ್ದವು. ಗೆಳತಿ ಅವನ್ನು ಕತ್ತರಿಸಿ ಒಂದೊಂದಾಗಿ ಚಿಮಟದಲ್ಲಿ ಎತ್ತಿ ಗಾಜಿನ ಶೀಶೆಗೆ ಹಾಕಿದಳು. ಒಳಗೆಲ್ಲ ಶುಚಿಮಾಡಿ, ಹೊಲಿದು, ಎರಡು ಹಲ್ಲುಗಳನ್ನೂ ಅಕ್ಕಪಕ್ಕದ ಗಟ್ಟಿ ಹಲ್ಲುಗಳಿಗೆ ಸೇರಿಸಿ ಹಿಂದಿನಿಂದ ತಂತಿ ಅಂಟಿಸಿದೆವು. "ಉಳಿಯುತ್ತಾ?" ಎಂದು ಅಕ್ಕ ಬಾಗಿಲ ಬಳಿ ಕೇಳಿದಳು. ಉಳಿದರೆ ಅದೃಷ್ಟ, ಕೆಲವು ತಿಂಗಳು ಕಾದು ನೋಡಬೇಕು, ಮೂಳೆ ಮತ್ತೆ ಹುಟ್ಟಿದರೆ ಉಂಟು ಇಲ್ಲದಿದ್ದರೆ ಇಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ.

ಇಷ್ಟೆಲ್ಲ ಆದಮೇಲೆ ನಮ್ಮ ಭಾವ ಏನು ಮಾಡಿದರು ಅಂತೀರಿ? ಊರೆಲ್ಲ ಹೇಳಿಕೊಂಡು ಬಂದರು. "ಚೆನ್ನಾಗಿ ಸೇರಿದ್ದ ಹಲ್ಲು. ಇವಳು ಕೊಯ್ದು ಅಲ್ಲಾಡ್ಸಿಬಿಟ್ಲು. ಹೊಟ್ಟೆಕಿಚ್ಚು, ಇನ್ನೇನು." ನನ್ನ ತಲೆಯ ಮೇಲೇ ಗೂಬೆ ಕೂರಿಸಿದರು! ನನ್ನ ಬಳಿ ಬರುತ್ತಿದ್ದ ಹುಡುಗನೊಬ್ಬನ ತಾಯಿ, "ಅಲ್ಲ ಮೇಡಂ, ನಿಮ್ಮ ಅಕ್ಕನ ಮಗಳಿಗೆ ಏನೋ ಆಯ್ತಂತೆ," ಎಂದು ಮೆಲ್ಲಗೆ ವಿಚಾರಿಸಿದರು. ನಾನು ಕೈಗವಸು ಹಾಕಿಕೊಳ್ಳುತ್ತಿದ್ದೆ, ಅದು ಚರ್ರನೆ ಹರಿದುಹೋಯಿತು.

ಆಮೇಲೆ ಅಕ್ಕನ ಫೋನು. "ನೋಡೇ, ಅವರು ತುಂಬ ಬೇಜಾರು ಮಾಡ್ಕೊಂಡಿದ್ದಾರೆ. ಊಟ ಸರಿಯಾಗಿ ಮಾಡ್ತಿಲ್ಲ. ನೀನೇ ಚಿಕ್ಕವಳು, ತಪ್ಪಾಯ್ತು ಭಾವ ಅಂತ ಒಂದು ಮಾತು ಅಂದ್ಬಿಡು. ನಿನ್ನ ಗಂಟೇನು ಹೋಗುತ್ತೆ?"

"ತಪ್ಪಾಯ್ತಾ? ನಾನಾ?"

"ಎಲ್ಲರ ಮುಂದೆ ಹಾಗೆ ಮಾತಾಡಿದ್ಯಲ್ಲ, ಅದಕ್ಕೆ."

ಅವರು ಊಟ ಮಾಡುತ್ತಿಲ್ಲವಂತೆ! ಹುಡುಗಿ ಗಂಜಿ ಕುಡಿದುಕೊಂಡು ಇದ್ದಾಳೆ, ಅದು ಯಾರಿಗೂ ಲೆಕ್ಕಕ್ಕಿಲ್ಲ, ಭಾವ ಒಂದು ತುತ್ತು ಕಡಿಮೆ ಉಂಡರೆ ಮನೆಯೇ ಮುಳುಗುತ್ತದೆ. ನಾನು ಫೋನ್ ಇಟ್ಟೆ. ಕಪಾಟಿನಿಂದ ಶೀಶೆ ತೆಗೆದು ಚೀಲಕ್ಕೆ ಹಾಕಿಕೊಂಡು ಸೀದಾ ಭಾವನ ಕಾರ್ಖಾನೆಗೆ ಹೋದೆ.

ದೊಡ್ಡ ತಗಡಿನ ಶೆಡ್ಡು ಅದು. ಒಳಗೆಲ್ಲ ಹೆರೆದ ಮರದ ವಾಸನೆ. ಗೋಡೆಯುದ್ದಕ್ಕೂ ಕ್ಲ್ಯಾಂಪುಗಳು ಅಳತೆಯ ಪ್ರಕಾರ ನೇತಾಡುತ್ತಿದ್ದವು. ಮೇಲಿನ ಅಟ್ಟದಲ್ಲಿ ಹಲಗೆಗಳನ್ನು ಗಾಳಿಯಾಡುವ ಹಾಗೆ ನಡುನಡುವೆ ಪಟ್ಟಿ ಇಟ್ಟು ಪೇರಿಸಿದ್ದರು. ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ವರ್ಷ ಬರೆದಿತ್ತು. ಭಾವ ಒಬ್ಬ ಕೆಲಸಗಾರನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

"ಹಸಿ ಮರ ತಂದು ಜೋಡಿಸ್ತೀಯೇನಯ್ಯ? ಹಸೀದು ಬಿಗಿದ್ರೆ ಸೀಳಲ್ವಾ? ಒಣಗೋಕೆ ಎಷ್ಟು ಬೇಕೋ ಅಷ್ಟು ಬಿಡ್ಬೇಕು. ಗಿರಾಕಿ ಅರ್ಜೆಂಟು ಅಂದ್ರೆ ಬೇರೆ ಕಡೆ ಹೋಗ್ಲಿ, ನನ್ನ ಹತ್ರ ಅದೆಲ್ಲ ನಡೆಯಲ್ಲ."

ನಾನು ಬಾಗಿಲಲ್ಲೇ ನಿಂತು ಇದನ್ನು ಪೂರ್ತಿ ಕೇಳಿಸಿಕೊಂಡೆ. ಹೋಗಿ ಅವರ ಎದುರಿನ ಬೆಂಚಿನ ಮೇಲೆ ಶೀಶೆ ಕುಕ್ಕಿದೆ.

"ಏನಿದು?"

"ನಿಮ್ಮ ಕ್ಲ್ಯಾಂಪು. ನಿಮ್ಮ ಮಗಳ ವಸಡೊಳಗೆ ಸಿಕ್ಕಿದ್ದು. ಅವಳು ನುಂಗಿದ್ದಾಳೆ ಅಂದ್ರಲ್ಲ, ಅದು."

ಭಾವ ಶೀಶೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಕೆಲಸಗಾರ ಮೆಲ್ಲಗೆ ಹಿಂದೆ ಸರಿದ.

"ಮರಕ್ಕೆ ಕಾಯೋಕೆ ನಿಮಗೆ ಬರುತ್ತೆ ಭಾವ. ಅಟ್ಟದ ಮೇಲೆ ಇಟ್ಟು ವರ್ಷಗಟ್ಟಲೆ ಕಾಯ್ತೀರಿ. ಅವಸರ ಮಾಡಿದ ಗಿರಾಕೀನ ಆಚೆ ಕಳಿಸ್ತೀರಿ. ಮಗಳ ಮೂಳೆಗೆ ಒಂದೂವರೆ ವರ್ಷ ಕೇಳಿದ್ರೆ ಮಾತ್ರ ನಾನು ದೋಚೋಕೆ ಕೂತಿರೋಳು! ಊರೆಲ್ಲ ಏನೇನು ಹೇಳಿದ್ರೋ ಹೇಳಿ, ನನಗೆ ಬೇಕಾಗಿಲ್ಲ. ಅವಳ ಮುಂದೆ ಮಾತ್ರ ನಿಜ ಹೇಳಿ. ನೋವಿದ್ರೂ ನಿಮಗೋಸ್ಕರ ಬಾಯಿ ಮುಚ್ಕೊಂಡಿದ್ಲು ಆ ಹುಡುಗಿ."

"ನಾನು ಅವಳ ಒಳ್ಳೇದಕ್ಕೇ..." ಎಂದು ಶುರುಮಾಡಿದರು.

"ಅವಳು ಕೇಳಿದ್ಲಾ?"

ಭಾವ ಶೀಶೆಯನ್ನು ಬೆಂಚಿನ ಮೇಲಿಟ್ಟರು. ಕೆಲಸಗಾರರು ನೋಡುತ್ತಿದ್ದಾರೆ ಎಂದು ಗೊತ್ತಾದ ಮೇಲೆ ಮುಖ ಗಂಟಿಕ್ಕಿ, "ಕೆಲಸದ ಜಾಗ ಇದು, ಇಲ್ಲಿ ಬಂದು ಕೂಗಾಡ್ಬೇಡ," ಎಂದರು. ನಾನು ಶೀಶೆಯನ್ನು ಅಲ್ಲೇ ಬಿಟ್ಟು ಬಂದೆ.

ತಿಂಗಳುಗಳು ಕಳೆದವು. ಅಕ್ಕನೇ ಅಳಿಲನ್ನು ಕರೆತರುತ್ತಿದ್ದಳು. ಒಂದೊಂದು ಎಕ್ಸ್‌ರೇ ಬಂದಾಗಲೂ ನಾನೂ ಗೆಳತಿಯೂ ಅದಕ್ಕೆ ಮೂಗು ತಾಗಿಸಿ ನೋಡುತ್ತಿದ್ದೆವು. ಬಲಗಡೆಯ ಹಲ್ಲಿನ ಸುತ್ತ ಮಂಜಿನಂತೆ ಬೆಳ್ಳಗೆ ಏನೋ ಕಾಣತೊಡಗಿತು. ಕಟ್ಟುವ ಜೀವಕೋಶಗಳು ಕೊನೆಗೂ ಬಂದಿದ್ದವು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಎಡಗಡೆಯದರ ಸುತ್ತ ಮಾತ್ರ ಕಪ್ಪು ಕಪ್ಪಾಗಿಯೇ ಇತ್ತು.

ತಂತಿ ತೆಗೆದು ಪರೀಕ್ಷಿಸುವ ದಿನ ಭಾವ ಬಂದರು. ಯಾರೂ ಕರೆದಿರಲಿಲ್ಲ. ಬಂದವರು ಗೋಡೆಯ ಪಕ್ಕ ನಿಂತರು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೈಬೆರಳಿನ ಸಂದುಗಳಲ್ಲಿ ಒಣಗಿದ ಅಂಟು ಇತ್ತು.

ತಂತಿಯನ್ನು ಮೆಲ್ಲಗೆ ಬಿಡಿಸಿದೆ. ಬಲಗಡೆಯ ಹಲ್ಲನ್ನು ಮುಟ್ಟಿದೆ. ಕಮಕ್ ಕಿಮಕ್ ಅನ್ನಲಿಲ್ಲ, ನಿಂತಿತ್ತು. ಎಡಗಡೆಯದನ್ನು ಮುಟ್ಟಿದೆ. ಅದನ್ನು ನಾನು ಎಳೆಯಲಿಲ್ಲ, ಇಕ್ಕಳ ಹಾಕಲಿಲ್ಲ. ಅದು ಹಾಗೇ ಜಾರಿ ನನ್ನ ಎರಡು ಬೆರಳಿನ ನಡುವೆ ಬಂತು. ಅಕ್ಕ "ಅಯ್ಯೋ" ಎಂದು ಬಾಯಿ ಮುಚ್ಚಿಕೊಂಡಳು. ಅಳಿಲು ನಾಲಿಗೆಯಿಂದ ಆ ಜಾಗವನ್ನು ತಡವಿ ನೋಡಿದಳು.

ಭಾವ ಎರಡು ಹೆಜ್ಜೆ ಮುಂದೆ ಬಂದು ಅಂಗೈ ಚಾಚಿದರು. ಹಲ್ಲನ್ನು ತೊಳೆದು ಅದರ ಮೇಲಿಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೇರು ಪೂರ್ತಿ ಇತ್ತು, ಎಲ್ಲೂ ಸವೆದಿರಲಿಲ್ಲ, ಒಂದು ಹುಳುಕಿಲ್ಲ. ಅದು ನಿಲ್ಲುವುದಕ್ಕೆ ಮೂಳೆಯೇ ಉಳಿದಿರಲಿಲ್ಲ, ಅಷ್ಟೇ. ಕಸುಬು ಬಲ್ಲ ಮನುಷ್ಯ, ಒಳ್ಳೆಯ ಸಾಮಾನು ಯಾವುದೆಂದು ಕೈಗೆ ಗೊತ್ತಾಗುತ್ತದೆ.

"ಇದನ್ನ ಮತ್ತೆ ಅಂಟ್ಸೋಕೆ ಆಗಲ್ವಾ?" ಎಂದರು.

ಆ ಮನುಷ್ಯನ ಬಾಯಲ್ಲಿ ಅಷ್ಟು ಸಣ್ಣ ದನಿಯನ್ನು ನಾನು ಕೇಳಿರಲಿಲ್ಲ. ಆದರೂ ಹೇಳುತ್ತೇನೆ, ನನ್ನ ಸಿಟ್ಟು ಕರಗಲಿಲ್ಲ. ಗುಬ್ಬಚ್ಚಿಯಂಥ ಮಗು, ಗಟ್ಟಿಮುಟ್ಟಾದ ಹಲ್ಲು, ಜೀವನವಿಡೀ ಬರಬೇಕಾಗಿದ್ದದ್ದು. ಒಬ್ಬ ಗಿರಾಕಿಯ ಒಂದು ತಮಾಷೆಗೆ ಅದು ಹೋಯಿತು.

"ಯಾವುದಕ್ಕೆ ಅಂಟಿಸ್ಲಿ ಭಾವ?" ಎಂದೆ. "ಒಳಗೆ ಏನೂ ಇಲ್ಲ."

ಭಾವ ಮಗಳ ಕಡೆ ನೋಡಿ, "ನಾನೇ ಮಾಡಿದ್ದು ಮಗಳೇ. ನಿನ್ನ ಚಿಕ್ಕಮ್ಮ ಅಲ್ಲ," ಎಂದರು. ಹೇಳಿದರು, ಅಂತೂ ಹೇಳಿದರು. ಅಕ್ಕ ಮುಖ ಒರೆಸಿಕೊಂಡು, ಎಲ್ಲ ಸರಿಹೋಯಿತು ಎನ್ನುವಂತೆ ನನ್ನ ಕಡೆ ನೋಡಿದಳು.

ಅಳಿಲು ಕುರ್ಚಿಯಲ್ಲಿ ಎದ್ದು ಕುಳಿತು ನನ್ನ ಕೈಗನ್ನಡಿ ತೆಗೆದುಕೊಂಡಳು. ತುಟಿ ಎತ್ತಿ ನೋಡಿಕೊಂಡಳು. ಬೆಂಕಿಕಡ್ಡಿಯಷ್ಟಿದ್ದ ಸಂದಿಯ ಜಾಗದಲ್ಲಿ ಈಗ ಕಿರುಬೆರಳು ಹಿಡಿಸುತ್ತಿತ್ತು. ಸಿಳ್ಳೆ ಹೊಡೆಯಲು ನೋಡಿದಳು, ಬರೀ ಗಾಳಿ ಬಂತು. ಕನ್ನಡಿಯನ್ನು ಕೆಳಗಿಟ್ಟು ಅಪ್ಪನನ್ನು ನೋಡಿದಳು. ಅವಳ ಮಾತಿನಲ್ಲಿ ಒಂದಿಷ್ಟೂ ಕೋಪ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಅಪ್ಪ, ಇನ್ಮೇಲೆ ಮನೆಗೆ ಯಾರಾದ್ರೂ ಊಟಕ್ಕೆ ಬಂದ್ರೆ, ನಾನು ಬಂದು ನಗಬೇಕಾ?"

ಭಾವ ಹಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿದರು. ಅವರ ಪರವಾಗಿ ನಾನು ಉತ್ತರ ಕೊಡಲಿಲ್ಲ.